ಉಗ್ರಾಣದ ಕೋಣೆಯಲ್ಲೊಂದು ಆಫೀಸು: ಮಲೆನಾಡಿನ ಮನೆಗೆ ಒಗ್ಗುವ ಹಾಗೆ

ಮೂಡಿಗೆರೆ ಕಡೆಯ ನಮ್ಮ ಹೆಂಚಿನ ಮನೆಯಲ್ಲಿ ಅಡುಗೆಮನೆಯ ಪಕ್ಕಕ್ಕೆ ಒಂದು ಸಾಮಾನು ಕೋಣೆ ಇದೆ. ಅಗಲ ನಾಲ್ಕೂವರೆ ಅಡಿ, ಉದ್ದ ಆರೂವರೆ ಅಡಿ. ನನಗೆ ನೆನಪಿದ್ದಾಗಿನಿಂದ ಅದರ ತುಂಬ ಉಪ್ಪಿನಕಾಯಿ ಭರಣಿ, ಅಕ್ಕಿ ಮೂಟೆ, ಕಾಫಿ ಕೊಯ್ಲಿನ ಬುಟ್ಟಿ, ಖಾಲಿ ಗೋಣಿಚೀಲ. 2020ರಲ್ಲಿ ಬೆಂಗಳೂರಿನ ಲೆಕ್ಕಪತ್ರದ ಕೆಲಸವನ್ನು ಲ್ಯಾಪ್‌ಟಾಪ್ ಸಮೇತ ಊರಿಗೆ ಹೊತ್ತು ತಂದಾಗ ನಡುಮನೆಯಲ್ಲಿ ಕೂತು ನೋಡಿದೆ, ಜಗಲಿಯಲ್ಲಿ ಕೂತು ನೋಡಿದೆ. ಒಂದು ಕಡೆ ಟಿವಿ, ಇನ್ನೊಂದು ಕಡೆ ಬಂದುಹೋಗುವವರ ಮಾತು. ಬಾಗಿಲು ಹಾಕಿಕೊಂಡು ಕೂರಲು ಉಳಿದದ್ದು ಈ ಕೋಣೆ ಒಂದೇ.

ಮೊದಲ ವರ್ಷ ನಾನು ಮೇಜಿನಿಂದಲೇ ಶುರು ಮಾಡಿದೆ. ಸಾಮಾನು ಒಂದು ಬದಿಗೆ ಸರಿಸಿ, ಮರದ ಪುಡಿ ಒತ್ತಿ ಮಾಡಿದ ಬೋರ್ಡಿನ ರೆಡಿಮೇಡ್ ಮೇಜೊಂದನ್ನು ತಂದು ಗೋಡೆಗೆ ಒತ್ತಿಸಿಟ್ಟೆ. ಪುಷ್ಯ ಮಳೆ ಹಿಡಿದು ಎರಡು ವಾರ ಆಗುವಷ್ಟರಲ್ಲಿ ಅದರ ಅಂಚು ಚಹಾದಲ್ಲಿ ಅದ್ದಿದ ಬಿಸ್ಕತ್ತಿನಂತೆ ಉಬ್ಬಿತು. ಎಳೆದು ನೋಡಿದರೆ ಹಿಂಬದಿಯಲ್ಲಿ ಬಿಳಿ ಬೂಷ್ಟು, ಪಕ್ಕದಲ್ಲಿ ನೇತುಹಾಕಿದ್ದ ಲ್ಯಾಪ್‌ಟಾಪ್ ಬ್ಯಾಗಿನ ಪಟ್ಟಿಯ ಮೇಲೆ ಹಸಿರು ಬೂಷ್ಟು. ಬಯಲುಸೀಮೆಯ ಮನೆಯಲ್ಲಾಗಿದ್ದರೆ ಆ ಮೇಜು ವರ್ಷಗಟ್ಟಲೆ ಬರುತ್ತಿತ್ತೇನೋ. ನಮ್ಮಲ್ಲಿ ಸಣ್ಣ ಕೋಣೆಗೆ ಜಾಗ ಸಾಲದು ಅನ್ನುವುದು ಎರಡನೇ ಮಾತು, ಥಂಡಿ (ಗೋಡೆಗೆ ಏರುವ ತೇವ) ಮತ್ತು ಕತ್ತಲೆ ಮೊದಲನೇ ಮಾತು. ಹಾಗಾಗಿ ಕೆಲಸದ ಕ್ರಮವೂ ಬೇರೆ: ಮೊದಲು ಗೋಡೆ, ಆಮೇಲೆ ಕರೆಂಟು, ಆಮೇಲೆ ಗಾಳಿ ಬೆಳಕು, ಎಲ್ಲ ಮುಗಿದ ಮೇಲೆ ಮೇಜು. ಎರಡನೇ ಸಲ ಹೀಗೇ ಮಾಡಿದೆ. ಅಲ್ಲಿಂದ ಈಚೆಗೆ ಆ ಕೋಣೆಯಲ್ಲಿ ಪ್ರತಿ ಮಳೆಗಾಲವೂ ಕೂತು ದುಡಿದಿದ್ದೇನೆ.

ಗೋಡೆ ನೋಡುವುದು ಆಶ್ಲೇಷಾ ಮಳೆಯಲ್ಲಿ, ಕೆಲಸ ಮಾಡಿಸುವುದು ಫೆಬ್ರವರಿಯಲ್ಲಿ

ಬೇಸಿಗೆಯಲ್ಲಿ ಯಾವ ಗೋಡೆಯೂ ಒಣಗಿಯೇ ಕಾಣುತ್ತದೆ. ಅದನ್ನು ನಂಬಿ ಕಪಾಟು ಹೊಡೆಸಿದರೆ ಆಗಸ್ಟ್‌ನಲ್ಲಿ ಪಶ್ಚಾತ್ತಾಪ ಪಡಬೇಕಾಗುತ್ತದೆ. ಆದ್ದರಿಂದ ಜುಲೈ ಕೊನೆಯಿಂದ ಆಗಸ್ಟ್ ನಡುವಿನ ತನಕ, ಪುಷ್ಯ, ಆಶ್ಲೇಷಾ ಮಳೆ ಸುರಿಯುವಾಗ, ಕೋಣೆಯನ್ನು ಒಂದು ಸಲ ಖಾಲಿ ಮಾಡಿ ಟಾರ್ಚು ಹಿಡಿದು ನಿಧಾನವಾಗಿ ನೋಡಿ. ಥಂಡಿ ಎಲ್ಲಿಯವರೆಗೆ ಏರಿದೆಯೋ ಅಲ್ಲಿಗೆ ಪೆನ್ಸಿಲಿನಲ್ಲಿ ಗೆರೆ ಎಳೆದು ತಾರೀಖು ಬರೆಯಿರಿ. ನಮ್ಮ ಹೊರಗೋಡೆಯಲ್ಲಿ ಗೆರೆ ನೆಲದಿಂದ ಎರಡೂಕಾಲು ಅಡಿಗೆ ಬಂತು. ಅದಕ್ಕಿಂತ ಮೇಲೆ ಗೋಡೆ ಗಟ್ಟಿ, ಕೆಳಗೆ ಉಗುರಿನಲ್ಲಿ ಕೆರೆದರೆ ಉದುರುತ್ತಿತ್ತು. ಮುಂದಿನ ಎಲ್ಲ ತೀರ್ಮಾನಕ್ಕೂ ಆ ಒಂದು ಪೆನ್ಸಿಲ್ ಗೆರೆಯೇ ಆಧಾರ ಆಯಿತು.

ಥಂಡಿ ಗೋಡೆಯೊಳಗಿಂದ ಬರುತ್ತಿದೆಯೋ, ಕೋಣೆಯ ಗಾಳಿಯಿಂದ ಕೂರುತ್ತಿದೆಯೋ ತಿಳಿಯಲು ಸುಲಭದ ದಾರಿ ಇದೆ. ಒಂದಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಚ್ಚಿ ಗೋಡೆಗೆ ಅಂಟಿಸಿ, ಎರಡು ದಿನ ಬಿಡಿ. ಹಾಳೆಯ ಒಳಬದಿಯಲ್ಲಿ, ಗೋಡೆ ಕಡೆಗೆ, ನೀರಿನ ಹನಿ ಕಂಡರೆ ನೀರು ಗೋಡೆಯಿಂದ ಬರುತ್ತಿದೆ ಎಂದು ಅರ್ಥ. ಹೊರಬದಿಯಲ್ಲಿ, ನಮ್ಮ ಕಡೆಗೆ, ಒದ್ದೆಯಾದರೆ ಗಾಳಿಯ ತೇವ ತಣ್ಣಗಿನ ಗೋಡೆಗೆ ಕೂರುತ್ತಿದೆ. ಮೊದಲನೆಯದಕ್ಕೆ ಹೊರಗಡೆ ರಿಪೇರಿ ಬೇಕು, ಎರಡನೆಯದಕ್ಕೆ ಒಳಗೆ ಗಾಳಿ ಆಡಬೇಕು. ಇದು ಗೊತ್ತಾಗದೆ ಬಣ್ಣದ ಅಂಗಡಿಗೆ ಹೋಗಿ ದುಬಾರಿ ವಾಟರ್‌ಪ್ರೂಫ್ ಡಬ್ಬ ತರುವುದು ದುಡ್ಡು ಸುರಿದ ಹಾಗೆ.

ಕೆಲಸ ಮಾಡಿಸುವ ಕಾಲದ ಬಗ್ಗೆ ಇನ್ನೊಂದು ಮಾತು. ನವೆಂಬರಿನಿಂದ ಅರೇಬಿಕಾ ಕೊಯ್ಲು, ಅದು ಮುಗಿಯುವಷ್ಟರಲ್ಲಿ ರೊಬಸ್ಟಾ. ಆ ದಿನಗಳಲ್ಲಿ ಗಾರೆ ಕೆಲಸಕ್ಕೆ ಕೈಯಾಳು ಸಿಗುವುದು ಕಷ್ಟ. ಮಾರ್ಚ್ ಏಪ್ರಿಲ್‌ನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಬೀಳುತ್ತದೆ. ಮೇಸ್ತ್ರಿಗೆ ಜನವರಿಯಲ್ಲೇ ಹೇಳಿಟ್ಟು ಫೆಬ್ರವರಿಯಲ್ಲಿ ಗೋಡೆ ಕೆಲಸ ಮುಗಿಸಿಕೊಂಡರೆ ಮಳೆಗಾಲಕ್ಕೆ ಮೊದಲು ಒಣಗಲು ಬಿಸಿಲು ಸಿಗುತ್ತದೆ.

ಸಾಮಾನಿಗೆ ಮೊದಲು ಜಾಗ ಹುಡುಕಿ

"ಕೋಣೆ ಏನೋ ತಗೋ. ಭರಣಿ ಎಲ್ಲಿಡ್ತೀಯ, ಅದನ್ ಹೇಳು ಮೊದ್ಲು," ಅಂದರು ಅಮ್ಮ. ಅವರ ಮಾತು ನ್ಯಾಯವಾದದ್ದು. ಉಗ್ರಾಣ ಎಂದರೆ ಮನೆಯ ವರ್ಷದ ಬಂದೋಬಸ್ತು. ಅದನ್ನು ಎತ್ತಿಸುವಾಗ ಪ್ರತಿ ವಸ್ತುವಿಗೂ ಅದರ ಗುಣಕ್ಕೆ ತಕ್ಕ ಜಾಗ ಸಿಗದಿದ್ದರೆ ಮೂರು ತಿಂಗಳಲ್ಲಿ ಒಂದೊಂದೇ ವಾಪಸ್ ಬಂದು ನಿಮ್ಮ ಕುರ್ಚಿ ಕೆಳಗೆ ಕೂರುತ್ತದೆ.

ನಾವು ಒಂದು ಭಾನುವಾರ ಎಲ್ಲವನ್ನೂ ಅಂಗಳಕ್ಕೆ ತಂದು ಬಿಸಿಲಿಗೆ ಹಾಕಿದೆವು. ಉಪ್ಪಿನಕಾಯಿ ಭರಣಿಗೆ ತಂಪೂ ಕತ್ತಲೆಯೂ ಬೇಕು, ಆದರೆ ದಿನಾ ಅಮ್ಮನ ಕೈಗೆ ಸಿಗಬೇಕು. ಅಡುಗೆಮನೆಯ ಮೂಲೆಯಲ್ಲಿ ಕಲ್ಲಿನ ಕಟ್ಟೆ ಕಟ್ಟಿಸಿ ಅಲ್ಲಿಟ್ಟೆವು. ಅಕ್ಕಿಯನ್ನು ಮೂಟೆಯಿಂದ ಮುಚ್ಚಳದ ಡ್ರಮ್ಮಿಗೆ ಸುರಿದೆವು. ಬೀಜ, ಬೆಲ್ಲ, ಹುಣಸೆಹಣ್ಣು ಒಲೆ ಮೇಲಿನ ಅಟ್ಟಕ್ಕೆ ಹೋದವು. ಮಳೆಗಾಲದಲ್ಲಿ ಮನೆಯಲ್ಲಿ ಎಲ್ಲಕ್ಕಿಂತ ಒಣಗಿದ ಜಾಗ ಅದು, ಹಿರಿಯರು ಬಿತ್ತನೆ ಬೀಜವನ್ನು ಅಲ್ಲಿಡುತ್ತಿದ್ದುದು ಸುಮ್ಮನೆ ಅಲ್ಲ. ಗೋಣಿಚೀಲ ಮಾತ್ರ ಮನೆಯೊಳಗೇ ಬೇಡ ಎಂದು ಕೊಟ್ಟಿಗೆ ಅಟ್ಟಕ್ಕೆ ಸಾಗಿಸಿದೆವು. ಅದು ತೇವ ಹೀರಿಕೊಂಡು ಕೂರುತ್ತದೆ, ಇಲಿಗೆ ಗೂಡು ಕಟ್ಟಿಕೊಡುತ್ತದೆ.

ಸಾಮಾನು ಎತ್ತಿದಾಗ ಗೆದ್ದಲಿನ ಮಣ್ಣಿನ ಸಾಲು ಕಂಡರೆ ಅದನ್ನು ಪೊರಕೆಯಲ್ಲಿ ಗುಡಿಸಿ ಸುಮ್ಮನಾಗಬೇಡಿ. ಸಾಲು ಗೋಡೆಯ ಯಾವ ಸಂದಿಯಿಂದ ಬರುತ್ತಿದೆ ನೋಡಿ, ಗುರುತು ಹಾಕಿ, ಗೆದ್ದಲು ಔಷಧಿ ಹೊಡೆಯುವವರನ್ನು ಕರೆಸಿ. ಹಳೇ ಇಂಜಿನ್ ಆಯಿಲ್ ಬಳಿಯುವ ರೂಢಿ ನಮ್ಮ ಕಡೆ ಇದೆ. ಬೇಲಿಗೂಟಕ್ಕೆ ಅದು ಸರಿ. ದಿನಕ್ಕೆ ಎಂಟು ಗಂಟೆ ಉಸಿರಾಡುವ ಕೋಣೆಗೆ ಬೇಡ.

ಗೋಡೆ

ನಮ್ಮದು ಮಣ್ಣಿನ ಗೋಡೆ. ಅದಕ್ಕೆ ಸಿಮೆಂಟ್ ಗಾರೆ ಹಾಕಿದರೆ ಗಟ್ಟಿಯಾಗುತ್ತದೆ ಎಂದು ಬಹಳ ಮಂದಿ ನಂಬಿದ್ದಾರೆ, ಆಗುವುದು ತಿರುಗುಮುರುಗು. ಮಣ್ಣು ಕುಡಿದ ನೀರು ಹೊರಗೆ ಬರಲು ದಾರಿಯಿಲ್ಲದೆ ಸಿಮೆಂಟಿನ ಹಿಂದೆ ನಿಲ್ಲುತ್ತದೆ, ಒಂದೆರಡು ಮಳೆಗಾಲಕ್ಕೆ ಗಾರೆ ಹಪ್ಪಳದಂತೆ ಎದ್ದು ಬರುತ್ತದೆ. ಪ್ಲಾಸ್ಟಿಕ್ ಪೇಂಟಿನದ್ದೂ ಅದೇ ಕಥೆ. ಮಣ್ಣಿನ ಗೋಡೆಗೆ ಸುಣ್ಣವೇ ಸರಿ. ಅದು ನೀರಿನ ಆವಿಯನ್ನು ತಡೆಯುವುದಿಲ್ಲ, ಮೇಲಾಗಿ ಸುಣ್ಣದ ಕ್ಷಾರದಲ್ಲಿ ಬೂಷ್ಟು ಬೆಳೆಯಲಾರದು.

ಮೊದಲು ಹಳೇ ಬೂಷ್ಟು ತೆಗೆಯಬೇಕು. ಒಣಗಿದ್ದಾಗ ಉಜ್ಜಿದರೆ ಪುಡಿ ಗಾಳಿಗೆ ಹಾರಿ ಎದೆಗೆ ಸೇರುತ್ತದೆ. ಮೂಗಿಗೆ ಮಾಸ್ಕ್ ಕಟ್ಟಿಕೊಂಡು, ಸೋಪಿನ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಸುಟ್ಟುಬಿಡಿ. ಪೇಂಟ್ ಇದ್ದರೆ ಪೂರ್ತಿ ಕೆರೆಯಬೇಕು, ಪೇಂಟಿನ ಮೇಲೆ ಸುಣ್ಣ ನಿಲ್ಲುವುದಿಲ್ಲ. ಉದುರುವ ಕಡೆ ಮಣ್ಣು, ಮರಳು, ಸುಣ್ಣ ಕಲಸಿ ಮೆತ್ತಿ, ಆರಲು ಬಿಡಿ. ಸುಟ್ಟ ಸುಣ್ಣದ ಹರಳು ತಂದರೆ ಕಬ್ಬಿಣದ ಬಾಣಲಿಯಲ್ಲೇ ನೆನೆಸಿ. ನೀರಿಗೆ ಬಿದ್ದ ಕೂಡಲೇ ಅದು ಕುದಿಯುತ್ತದೆ, ಪ್ಲಾಸ್ಟಿಕ್ ಬಕೆಟ್ ಕರಗೀತು, ಕಣ್ಣಿಗೆ ಸಿಡಿದರೆ ದೃಷ್ಟಿಗೇ ಅಪಾಯ. ಮಕ್ಕಳನ್ನು ದೂರ ಇಡಿ. ಮರುದಿನ ಬಟ್ಟೆಯಲ್ಲಿ ಸೋಸಿ, ನೀರುಮಜ್ಜಿಗೆಯ ಹದಕ್ಕೆ ತೆಳ್ಳಗೆ ಮಾಡಿ, ಗೋಡೆಗೆ ನೀರು ಚಿಮುಕಿಸಿ ಬಳಿಯಿರಿ. ಬಳಿಯುವಾಗ ಏನೂ ಕಾಣುವುದಿಲ್ಲ, ಗೋಡೆ ಬೂದಿ ಬಣ್ಣಕ್ಕಿರುತ್ತದೆ. ಆರಿದ ಮೇಲೆ ಬೆಳ್ಳಗಾಗುತ್ತದೆ. ದಿನಕ್ಕೊಂದರಂತೆ ಮೂರು ಸಲ ಬಳಿದರೆ ಕೋಣೆ ಹಾಲು ಚೆಲ್ಲಿದ ಹಾಗೆ ಬೆಳಗುತ್ತದೆ, ಇದರಿಂದ ದೀಪದ ಖರ್ಚೂ ಇಳಿಯುತ್ತದೆ.

ಇಷ್ಟೆಲ್ಲ ಒಳಗಿನ ಮಾತು. ನೀರು ಬರುವುದು ಹೊರಗಿನಿಂದ. ಸೂರಿನ ನೀರು ಗೋಡೆ ಬುಡಕ್ಕೆ ಬೀಳುತ್ತಿದ್ದರೆ ಸೂರಿನಂಚಿಗೆ ನೀರು ಹಿಡಿಯುವ ದೋಣಿ ಕಟ್ಟಿಸಿ. ವರ್ಷ ವರ್ಷ ಕೊಚ್ಚಿಬಂದ ಮಣ್ಣು ಹೊರಗಡೆ ಪೇರಿ ಒಳಗಿನ ನೆಲಕ್ಕಿಂತ ಎತ್ತರವಾಗಿರುತ್ತದೆ, ಅದನ್ನು ತೆಗೆದು ನೀರು ಹರಿದುಹೋಗುವಂತೆ ಇಳಿಜಾರು ಮಾಡಿ. ನಮ್ಮಲ್ಲಿ ಈ ಮಣ್ಣೇ ಮುಕ್ಕಾಲಡಿ ಇತ್ತು. ಜೂನ್ ಬಂದಾಗ ಗಾಳಿಮಳೆ ಹೊಡೆಯುವ ಪಕ್ಕಕ್ಕೆ ಅಡಿಕೆ ಸೋಗೆಯ ತಟ್ಟಿ ಕಟ್ಟಿದೆವು, ಹಿಂದೆಲ್ಲ ಕಟ್ಟುತ್ತಿದ್ದ ಹಾಗೆ. ಆ ವರ್ಷದ ಆಗಸ್ಟ್‌ನಲ್ಲಿ ಥಂಡಿ ಹಳೆಯ ಪೆನ್ಸಿಲ್ ಗೆರೆಗಿಂತ ಒಂದೂವರೆ ಅಡಿ ಕೆಳಗೇ ನಿಂತಿತು. ಪೂರ್ತಿ ಹೋಗಲಿಲ್ಲ. ಮಣ್ಣಿನ ಗೋಡೆಯಲ್ಲಿ ಪೂರ್ತಿ ಹೋಗುವುದನ್ನು ನಾನು ನಿರೀಕ್ಷಿಸುವುದೂ ಇಲ್ಲ. ಆ ಭಾಗಕ್ಕೆ ಏನನ್ನೂ ತಾಗಿಸಿಡದಿದ್ದರೆ ಸಾಕು.

ಕರೆಂಟು

ಹಳೇ ಮನೆಯ ಸಾಮಾನು ಕೋಣೆಯಲ್ಲಿ ಸಾಮಾನ್ಯವಾಗಿ ಒಂದು ಬಲ್ಬು, ಹೆಚ್ಚೆಂದರೆ ಎರಡು ಪಿನ್ನಿನ ಸಾಕೆಟ್ಟು ಇರುತ್ತದೆ. ಅಲ್ಲಿಂದ ಎಕ್ಸ್‌ಟೆನ್ಷನ್ ಬಾಕ್ಸ್ ಎಳೆದು ಆಫೀಸು ನಡೆಸಬೇಡಿ. ತೇವದ ನೆಲ, ಅರ್ತ್ ಇಲ್ಲದ ಸಾಕೆಟ್ಟು, ಲೋಹದ ಮೈಯ ಲ್ಯಾಪ್‌ಟಾಪು, ಈ ಮೂರೂ ಸೇರಬಾರದು. ಮುಟ್ಟಿದಾಗ ಕೈ ಜುಮ್ಮೆಂದರೆ ಅರ್ತ್ ಇಲ್ಲ ಅಥವಾ ಕೆಟ್ಟಿದೆ ಎಂಬ ಸೂಚನೆ ಅದು.

ಎಲೆಕ್ಟ್ರಿಷಿಯನ್ ಬಂದಾಗ ಇಷ್ಟು ಹೇಳಿ ಮಾಡಿಸಿಕೊಳ್ಳಿ. ಮೇನ್ ಬೋರ್ಡಿನಿಂದ ಈ ಕೋಣೆಗೆ ಬೇರೆಯೇ ಲೈನ್. ಸಾಕೆಟ್ಟಿಗೆ 2.5 ಚದರ ಮಿಲಿಮೀಟರಿನ ತಾಮ್ರದ ವೈರು, ದೀಪಕ್ಕೆ 1.5. ಮೇನ್‌ನಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ. ಯಾರಿಗಾದರೂ ಶಾಕ್ ಹೊಡೆದರೆ ಕ್ಷಣದಲ್ಲಿ ಕರೆಂಟು ಕಡಿಯುವುದು ಅದೇ, ಲೋಡು ಹೆಚ್ಚಾದಾಗ ಬೀಳುವ ಸಾಮಾನ್ಯ ಎಂಸಿಬಿ ಸ್ವಿಚ್ಚು ಆ ಕೆಲಸ ಮಾಡುವುದಿಲ್ಲ. ಮಣ್ಣಿನ ಗೋಡೆ ಕೊರೆಯದೆ, ಹೊರಮೈಯಲ್ಲೇ ಪಿವಿಸಿ ಪೈಪಿನೊಳಗೆ ವೈರು ಓಡಿಸಿ. ಇಲಿಯೂ ಕಡಿಯದು, ನಾಳೆ ರಿಪೇರಿಯೂ ಸುಲಭ. ಸಾಕೆಟ್ಟುಗಳು ಮೇಜಿನ ಮಟ್ಟಕ್ಕಿಂತ ಮೇಲೆ ಬರಲಿ, ಥಂಡಿ ಗೆರೆಗಿಂತ ಮೇಲೆ ಅನ್ನುವುದು ಇನ್ನೂ ಮುಖ್ಯ. ನಾಲ್ಕು ಬೇಕೆನಿಸಿದರೆ ಆರು ಹಾಕಿಸಿ. ಚಳಿಗೋ ತೇವಕ್ಕೋ ಹೀಟರ್ ಇಡುವ ಯೋಚನೆ ಇದ್ದರೆ ಮಾತ್ರ 16 ಆಂಪಿಯರಿನ ಸಾಕೆಟ್ಟು, ಅದಕ್ಕೆ 4 ಚದರ ಮಿಲಿಮೀಟರಿನ ವೈರು. ಅರ್ತ್ ಗುಂಡಿಗೆ ಬೇಸಿಗೆಯಲ್ಲಿ ಆಗಾಗ ಒಂದು ಕೊಡ ನೀರು ಹೊಯ್ಯುವುದನ್ನು ಮರೆಯಬೇಡಿ.

ಮರ ಬಿದ್ದು ಲೈನ್ ಹೋದರೆ ನಮ್ಮಲ್ಲಿ ಕರೆಂಟು ಸಂಜೆಗೆ ಬಂದರೆ ಪುಣ್ಯ. ಇನ್ವರ್ಟರ್ ಲೆಕ್ಕ ಹೀಗೆ ಹಾಕಿ: ಲ್ಯಾಪ್‌ಟಾಪ್ 65 ವಾಟ್, ಮಾನಿಟರ್ 25, ರೂಟರ್ 10, ದೀಪ 10, ಫ್ಯಾನ್ 50. ಒಟ್ಟು 160. 12 ವೋಲ್ಟಿನ 150 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಕಾಗದದ ಮೇಲೆ 1800 ವಾಟ್-ಅವರ್ ಇರುತ್ತದೆ. ಪೂರ್ತಿ ಬರಿದು ಮಾಡಿದರೆ ಬ್ಯಾಟರಿ ಬೇಗ ಹಾಳು, ನಡುವೆ ಸೋರುವುದೂ ಉಂಟು. 1000 ಎಂದು ಹಿಡಿಯಿರಿ. ಆರು ಗಂಟೆ ಕೆಲಸ ಸಾಗುತ್ತದೆ, ಫ್ಯಾನ್ ನಿಲ್ಲಿಸಿದರೆ ಒಂಬತ್ತು. ಮನೆಯ ಫ್ರಿಜ್ಜೂ ಅದೇ ಇನ್ವರ್ಟರಿಗಿದ್ದರೆ ಈ ಲೆಕ್ಕ ನಿಲ್ಲುವುದಿಲ್ಲ.

ಸಿಡಿಲಿನ ವಿಷಯದಲ್ಲಿ ನಾನು ಕಲಿತದ್ದು ಒಂದು ರೂಟರ್ ಸುಟ್ಟುಕೊಂಡು. ಮೇ ತಿಂಗಳ ಸಂಜೆ, ಗುಡುಗು ದೂರದಲ್ಲಿದೆ, ಈ ಒಂದು ಕಡತ ಕಳಿಸಿಬಿಡೋಣ ಎಂದು ಕೂತಿದ್ದೆ. ಸರ್ಜ್ ಪ್ರೊಟೆಕ್ಟರ್ ಇದ್ದರೆ ಒಳ್ಳೆಯದೇ, ಆದರೆ ಹತ್ತಿರದ ಸಿಡಿಲಿಗೆ ಅದು ಸಾಲದು. ಗುಡುಗು ಕೇಳಿದ ಕೂಡಲೇ ಎಲ್ಲ ಪ್ಲಗ್ಗನ್ನೂ ಕಿತ್ತಿಡಿ. ಸ್ವಿಚ್ ಆರಿಸಿದರೆ ಸಾಲುವುದಿಲ್ಲ, ಪ್ಲಗ್ಗೇ ಹೊರಗೆ ಬರಬೇಕು. ಇನ್ವರ್ಟರಿಗೆ ಬರುವ ಮೇನ್ ಲೈನೂ ಸೇರಿ.

ಗಾಳಿ, ಬೆಳಕು

ಹೆಂಚಿನ ಮನೆಯವರಿಗೆ ಬೆಳಕಿನ ಮಟ್ಟಿಗೆ ದೊಡ್ಡ ಅನುಕೂಲವಿದೆ: ಗಾಜಿನ ಹೆಂಚು. ಮಂಗಳೂರು ಹೆಂಚಿನ ಅಳತೆಯದ್ದೇ ಸಿಗುತ್ತದೆ, ಒಂದು ಹೆಂಚು ಸರಿಸಿ ಆ ಜಾಗಕ್ಕೆ ಕೂರಿಸಿದರೆ ಆಯಿತು. ಎರಡು ಹೆಂಚಿಗೆ ನಮ್ಮ ಕೋಣೆಯಲ್ಲಿ ಹಗಲು ದೀಪವೇ ಬೇಡವಾಯಿತು. ಆದರೆ ಜಾಗ ಯೋಚಿಸಿ ಹಾಕಿಸಿ. ಮೇಜಿನ ನೆತ್ತಿಗೆ ಬಂದರೆ ಮಾರ್ಚಿನ ಮಧ್ಯಾಹ್ನ ಬಿಸಿಲಿನ ಚೌಕವೊಂದು ನೇರ ಪರದೆ ಮೇಲೆ ಬಂದು ಕೂರುತ್ತದೆ. ಕೂರುವವರ ಎಡಕ್ಕೆ, ಸ್ವಲ್ಪ ಮುಂದಕ್ಕೆ ಬರಲಿ; ಬಲಗೈಯಲ್ಲಿ ಬರೆಯುವಾಗ ಕೈಯ ನೆರಳು ಕಾಗದದ ಮೇಲೆ ಬೀಳುವುದಿಲ್ಲ. ಹೆಂಚಿನ ಕೆಳಗೆ ರೀಪಿಗೆ ತೆಳುವಾದ ಬಿಳಿ ಪಂಚೆಯ ಬಟ್ಟೆ ಬಿಗಿದರೆ ಬೆಳಕು ಮೆತ್ತಗಾಗಿ ಹರಡುತ್ತದೆ. ಅಮ್ಮ ಅಪ್ಪನ ಹಳೇ ಪಂಚೆಯನ್ನೇ ಕೊಟ್ಟರು.

ಮಳೆಗಾಲದಲ್ಲಿ ಮೂರು ಗಂಟೆಗೇ ಮುಸ್ಸಂಜೆ. ಓದುವ ಬರೆಯುವ ಮೇಜಿನ ಮೇಲೆ 500 ಲಕ್ಸ್ ಬೆಳಕು ಬೇಕೆನ್ನುವುದು ಆಫೀಸುಗಳಲ್ಲಿ ಒಪ್ಪಿದ ಮಟ್ಟ. ಸೂರಿಗೆ ಹಾಕಿದ ಒಂದು 9 ವಾಟಿನ ಎಲ್‌ಇಡಿ ಬಲ್ಬು ಇಷ್ಟು ಸಣ್ಣ ಕೋಣೆಯಲ್ಲೂ ಅದರ ಅರ್ಧ ಕೊಡುವುದಿಲ್ಲ. ಮೇಜಿಗೇ ಬಾಗುವ ಒಂದು ದೀಪ ಬೇಕೇ ಬೇಕು. ಬಣ್ಣ 4000 ಕೆಲ್ವಿನ್ ಇರಲಿ, ಅತಿ ನೀಲಿಯೂ ಅಲ್ಲ, ಅತಿ ಹಳದಿಯೂ ಅಲ್ಲ. ವಿಡಿಯೋ ಕರೆ ಬಂದಾಗ ಆ ದೀಪವನ್ನು ಎದುರಿನ ಸುಣ್ಣದ ಗೋಡೆಗೆ ತಿರುಗಿಸಿ. ಗೋಡೆಯಿಂದ ಮರಳಿ ಬಂದ ಬೆಳಕಿನಲ್ಲಿ ಮುಖ ಚೆನ್ನಾಗಿ ಕಾಣುತ್ತದೆ.

ಗಾಳಿಯ ವಿಷಯದಲ್ಲಿ ತಾರಸಿ ಮನೆಯವರು ಹೆಚ್ಚು ಎಚ್ಚರವಿರಬೇಕು. ಹೆಂಚಿನ ಸಂದಿಯಿಂದ ಗಾಳಿ ಹೇಗೋ ಓಡಾಡುತ್ತದೆ. ಐದಡಿ ಅಗಲ, ಆರಡಿ ಉದ್ದ, ಎಂಟಡಿ ಎತ್ತರದ ಕಾಂಕ್ರೀಟ್ ಕೋಣೆಯಲ್ಲಿ ಇರುವುದು ಸುಮಾರು 6800 ಲೀಟರ್ ಗಾಳಿ ಮಾತ್ರ. ಸುಮ್ಮನೆ ಕೂತ ಒಬ್ಬ ಮನುಷ್ಯ ಗಂಟೆಗೆ 15 ಲೀಟರಿಗೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಬಿಡುತ್ತಾನೆ. ಹೊರಗಿನ ಗಾಳಿಯಲ್ಲಿ ಅದು ಹತ್ತು ಲಕ್ಷಕ್ಕೆ ಸುಮಾರು 420 ಭಾಗ. ಬಾಗಿಲು ಬಿಗಿಯಾಗಿ ಮುಚ್ಚಿದ ಇಂಥ ಕೋಣೆಯಲ್ಲಿ ಒಂದೇ ಗಂಟೆಗೆ 2000 ದಾಟುತ್ತದೆ. ಮಧ್ಯಾಹ್ನ ಊಟವಾದ ಮೇಲೆ ತಲೆ ಭಾರ, ಆಕಳಿಕೆ ಬಂದರೆ ಅನ್ನದ ಮೇಲೆ ತಪ್ಪು ಹೊರಿಸುವ ಮೊದಲು ಬಾಗಿಲು ತೆರೆದು ನೋಡಿ.

ಬಾಗಿಲ ಕೆಳಗೆ ಮುಕ್ಕಾಲು ಇಂಚು ಸಂದಿ ಬಿಡಿಸಿ, ಹೊರಗೋಡೆಯ ಮೇಲ್ಭಾಗದಲ್ಲಿ ಆರಿಂಚಿನ ಎಕ್ಸಾಸ್ಟ್ ಫ್ಯಾನ್ ಹಾಕಿಸಿ, ಅದಕ್ಕೆ ಸೊಳ್ಳೆ ಜಾಲರಿಯೂ ಮಳೆ ಮರೆಯೂ ಇರಲಿ. ಫ್ಯಾನ್ ಗಾಳಿಯನ್ನು ಹೊರಗೆ ದೂಡಬೇಕು, ಒಳಗೆ ಎಳೆಯಬಾರದು. ಜುಲೈನಲ್ಲಿ ಹೊರಗಿನ ಗಾಳಿಯೇ ನೀರು ಕುಡಿದಿರುತ್ತದೆ. ಕೋಣೆಗೆ ಬರುವ ಗಾಳಿ ಮನೆಯೊಳಗಿನಿಂದ, ಸಾಧ್ಯವಾದರೆ ಒಲೆಯ ಬಿಸಿ ತಾಗಿದ ಕಡೆಯಿಂದ ಬರಲಿ. ನಮ್ಮ ಕೋಣೆ ಅಡುಗೆಮನೆಗೆ ಅಂಟಿಕೊಂಡಿರುವುದು ಈ ಒಂದು ಕಾರಣಕ್ಕೆ ವರವಾಯಿತು. ಒಗ್ಗರಣೆಯ ಪರಿಮಳ ಬರುತ್ತದೆ, ಬರಲಿ.

ಮೇಜು

ಈಗ ಅಳತೆ ಟೇಪು ಹಿಡಿಯಿರಿ. ಮೇಜಿನ ಆಳ 22 ಇಂಚಿದ್ದರೆ ಪರದೆಗೂ ಕಣ್ಣಿಗೂ ತೋಳಿನ ಉದ್ದದಷ್ಟು ದೂರ ಸಿಗುತ್ತದೆ. ಕುರ್ಚಿ ಹಿಂದಕ್ಕೆ ಸರಿಸಿ ಏಳಲು ಇನ್ನೊಂದು 30ರಿಂದ 36 ಇಂಚು. ಅಂದರೆ ಗೋಡೆಯಿಂದ ಗೋಡೆಗೆ ಹತ್ತಿರ ಹತ್ತಿರ ಐದಡಿ. ಕೋಣೆ ಉದ್ದಕ್ಕಿದ್ದರೆ ಮೇಜನ್ನು ಕಿರಿದಾದ ಗೋಡೆಗೆ, ಬಾಗಿಲು ಬೆನ್ನಿಗೋ ಪಕ್ಕಕ್ಕೋ ಬರುವಂತೆ ಇಡಿ. ಬಾಗಿಲು ಒಳಗೆ ತೆರೆದುಕೊಂಡು ಕುರ್ಚಿಗೆ ಬಡಿಯುತ್ತಿದ್ದರೆ ಬಿಜಾಗರಿ ಬದಲಿಸಿ ಹೊರಗೆ ತೆರೆಯುವಂತೆ ಮಾಡಿಸಿ. ಅರ್ಧ ದಿನದ ಕೆಲಸ, ಆರು ಚದರ ಅಡಿ ಲಾಭ.

ಎತ್ತರಕ್ಕೆ ಅಂಗಡಿಯವರ ಲೆಕ್ಕ 30 ಇಂಚು. ಐದಡಿ ಎರಡಿಂಚಿನ ನನಗೆ ಅದು ಹೆಚ್ಚಾಗಿ ಭುಜ ಹಿಡಿದುಕೊಳ್ಳುತ್ತಿತ್ತು. ಕುರ್ಚಿಯಲ್ಲಿ ಪಾದ ನೆಲಕ್ಕೆ ಊರಿ ನೆಟ್ಟಗೆ ಕೂತು, ಮೊಣಕೈ ಮಡಚಿ, ಮೊಣಕೈಯಿಂದ ನೆಲಕ್ಕೆ ಅಳೆಯಿರಿ. ಮೇಜಿನ ಮೇಲ್ಮೈ ಅಷ್ಟೇ ಇರಲಿ, ಅಥವಾ ಅರ್ಧ ಇಂಚು ಕೆಳಗೆ. ನನಗೆ ಇಪ್ಪತ್ತಾರೂವರೆ ಬಂತು. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಬರಬೇಕು. ಲ್ಯಾಪ್‌ಟಾಪನ್ನು ಎತ್ತರದ ಸ್ಟ್ಯಾಂಡಿಗೇರಿಸಿ, ಬೇರೆ ಕೀಬೋರ್ಡು ಇಟ್ಟುಕೊಳ್ಳಿ.

ಹಲಗೆಗೆ ಪ್ಲೈವುಡ್ ಆದರೆ ಐಎಸ್ 710 ಎಂದು ಮುದ್ರೆ ಬಿದ್ದ, ಕುದಿಯುವ ನೀರಿಗೂ ಜಗ್ಗದ ದರ್ಜೆಯದ್ದು, 18 ಅಥವಾ 19 ಮಿಲಿಮೀಟರ್ ದಪ್ಪದ್ದು ಕೇಳಿ. ಐಎಸ್ 303 ಮುದ್ರೆಯ ಸಾಧಾರಣ ದರ್ಜೆ ಬಯಲುಸೀಮೆಗೆ ನಡೆದೀತು. ಕತ್ತರಿಸಿದ ಅಂಚುಗಳಿಗೆಲ್ಲ, ಕಣ್ಣಿಗೆ ಬೀಳದ ಹಿಂಬದಿಗೂ, ಪ್ರೈಮರ್ ಹೊಡೆಸಿ. ನೀರು ಒಳಹೋಗುವುದು ಅಂಚಿನಿಂದಲೇ. ತೋಟದ ಸಿಲ್ವರ್ ಓಕ್ ಕೊಯ್ಸಿದ ಹಲಗೆ ಇದ್ದರೆ ಅದೂ ಆಗುತ್ತದೆ, ಆದರೆ ಚೆನ್ನಾಗಿ ಒಣಗಿರಬೇಕು. ಹಸಿ ಹಲಗೆ ಬಳಸಿದರೆ ಬೇಸಿಗೆಯಲ್ಲಿ ತಿರುಚುತ್ತದೆ, ಕುಟ್ಟೆಯೂ ಹಿಡಿಯುತ್ತದೆ.

ನಮಗೆ ಎರಡೂ ಬೇಕಾಗಲಿಲ್ಲ. ಕೋಣೆ ಖಾಲಿ ಮಾಡುವಾಗ ಮೂಲೆಯಲ್ಲಿ ಅಜ್ಜನ ಕಾಲದ ಪತ್ತಾಯದ, ಅಂದರೆ ಭತ್ತ ತುಂಬಿಡುವ ಮರದ ಪೆಟ್ಟಿಗೆಯ, ಮುಚ್ಚಳ ಸಿಕ್ಕಿತು. ಹಲಸಿನ ಮರ, ಒಂದೂಕಾಲು ಇಂಚು ದಪ್ಪ. ಮೇಲೆ ಮಸಿ, ಎಣ್ಣೆ ಜಿಡ್ಡು. ಆಚಾರ್ರು ಅದನ್ನು ಬೆರಳಿನ ಗೆಣ್ಣಿನಿಂದ ತಟ್ಟಿ, ಕಿವಿಗೊಟ್ಟು ಕೇಳಿ, "ಅಕ್ಕಾ, ಇದಿನ್ನೂ ನಿಮ್ ಮೊಮ್ಮಕ್ಕಳ ಕಾಲಕ್ಕೂ ಬರುತ್ತೆ, ಪ್ಲೈವುಡ್ ಯಾಕೆ ತರ್ತೀರಿ?" ಅಂದರು. ಉಜ್ಜುಗೊರಡು ಹಾಕಿದ ಹಾಗೆ ಕಪ್ಪಿನಡಿಯಿಂದ ಅರಿಶಿನದ ಬಣ್ಣ ಎದ್ದುಬಂತು. ಒಂದು ಮೂಲೆಯಲ್ಲಿ ಭತ್ತದ ಲೆಕ್ಕಕ್ಕೆ ಯಾರೋ ಉಳಿಯಲ್ಲಿ ಹಾಕಿದ ಐದು ಗೀಟುಗಳಿದ್ದವು. ಅಷ್ಟನ್ನು ಉಜ್ಜಬೇಡಿ ಎಂದೆ. ನಾನು ದಿನಾ ಲೆಕ್ಕ ಬರೆಯುವುದು ಆ ಗೀಟುಗಳ ಪಕ್ಕದಲ್ಲಿ.

ಮಣ್ಣಿನ ಗೋಡೆ ಸ್ಕ್ರೂ ಹಿಡಿಯುವುದಿಲ್ಲ, ಮೇಜಿನ ಭಾರ ನೆಲದ ಮೇಲೇ ನಿಲ್ಲಬೇಕು. ಕಾಲಿನಡಿ ಒಂದೊಂದು ಕಲ್ಲಿನ ಬಿಲ್ಲೆ ಇಡಿ, ನೆಲದ ತೇವವೂ ಗೆದ್ದಲೂ ಮರಕ್ಕೆ ನೇರ ಏರುವುದಿಲ್ಲ. ಇಟ್ಟಿಗೆ ಗೋಡೆಯಾದರೆ ಮೂರು ಕಡೆ ಮರದ ಪಟ್ಟಿ ಬಡಿಸಿ ಅದರ ಮೇಲೆ ಹಲಗೆ ಕೂರಿಸಬಹುದು, ಕಾಲು ಬೇಡ. ಎರಡರಲ್ಲೂ ಗೋಡೆಗೂ ಹಲಗೆಗೂ ಮಧ್ಯೆ ಒಂದಿಂಚು ಸಂದಿ ಬಿಡಿ. ಗಾಳಿಯೂ ಆಡುತ್ತದೆ, ವೈರೂ ಇಳಿಯುತ್ತದೆ. ಹಿಂಬದಿ ಮುಚ್ಚಿದ ಕಪಾಟು ಬೇಡ, ತೆರೆದ ಹಲಗೆ ಸಾಕು.

ಕೋಣೆಯೇ ಇಲ್ಲದಿದ್ದರೆ: ಕಡಪ ಕಲ್ಲಿನ ಬೀರು

ಹಾಸನದಲ್ಲಿರುವ ನಮ್ಮ ಚಿಕ್ಕಮ್ಮನ ತಾರಸಿ ಮನೆಯಲ್ಲಿ ಸಾಮಾನು ಕೋಣೆ ಇಲ್ಲ. ಇದ್ದದ್ದು ಮಲಗುವ ಕೋಣೆಯ ಗೋಡೆ ಬೀರು: ನಾಲ್ಕಡಿ ಅಗಲ, ಎರಡಡಿ ಆಳ, ಒಳಗೆ ಕಡಪ ಕಲ್ಲಿನ ಅರೆಗಳು. ಅವರ ಮಗನಿಗೆ ಅದರಲ್ಲೇ ಮಾಡಿಕೊಟ್ಟೆವು. ನೆಲದಿಂದ 28 ಇಂಚಿನಲ್ಲಿದ್ದ ಕಲ್ಲನ್ನು ಹಾಗೇ ಉಳಿಸಿ, ಅದರ ಕೆಳಗಿನದನ್ನು ಮಾತ್ರ ತೆಗೆಸಿದೆವು, ಮಂಡಿ ಒಳಗೆ ಹೋಗಬೇಕಲ್ಲ. ಕಲ್ಲಿನ ತುದಿ ಗೋಡೆಯೊಳಗೆ ಹುದುಗಿರುತ್ತದೆ, ಸುತ್ತಿಗೆಯಿಂದ ಬಡಿದರೆ ಗಾರೆ ಸಮೇತ ಕಿತ್ತು ಬರುತ್ತದೆ. ಕಟಿಂಗ್ ಮೆಷಿನ್ನಿನಲ್ಲಿ ಗೋಡೆಯಂಚಿಗೆ ಕೊಯ್ಸಿ. ಉಳಿದ ಕಲ್ಲಿನ ಮೇಲೆ ತೆಳು ಪ್ಲೈವುಡ್ ಅಂಟಿಸಿದರೆ ಚಳಿಗಾಲದಲ್ಲಿ ಕೈಗೆ ತಣ್ಣಗೆ ಹತ್ತುವುದಿಲ್ಲ. ಕಲ್ಲಿನ ಕೆಳಗೆ ಎಳೆಯುವ ಚಾನೆಲ್ ಹಾಕಿ ಕೀಬೋರ್ಡಿಗೆ ತಟ್ಟೆ ಕೂರಿಸಿ, ಅದರಡಿ ಮಂಡಿಗೆ 24 ಇಂಚಾದರೂ ಉಳಿಯಬೇಕು. ಕುರ್ಚಿ ಕೋಣೆಯಲ್ಲಿ, ಕೆಲಸ ಬೀರುವಿನಲ್ಲಿ. ಸಂಜೆ ಬಾಗಿಲು ಮುಚ್ಚಿದರೆ ಆಫೀಸು ಕಣ್ಣಿಗೇ ಬೀಳುವುದಿಲ್ಲ, ಅದೇ ಇದರ ಸೊಗಸು. ಬಾಗಿಲು ಮುಚ್ಚುವ ಮೊದಲು ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತಿಡಿ, ಒಳಗೆ ಬಿಸಿ ಕಟ್ಟಿಕೊಳ್ಳುತ್ತದೆ. ಬೀರುವಿನ ಹಿಂದೆಯೇ ಬಚ್ಚಲುಮನೆ ಇದ್ದರೆ ಮೊದಲು ಹೇಳಿದ ಪ್ಲಾಸ್ಟಿಕ್ ಹಾಳೆ ಪರೀಕ್ಷೆಯನ್ನು ಮಾಡದೆ ಮುಂದುವರಿಯಬೇಡಿ.

ಇಂಟರ್ನೆಟ್ಟು, ಮಳೆಯ ಸದ್ದು

ಒಂದೂವರೆ ಅಡಿಯ ಮಣ್ಣಿನ ಗೋಡೆ ವೈಫೈಯನ್ನು ನುಂಗಿಬಿಡುತ್ತದೆ. ರೂಟರಿನಲ್ಲಿ ಎರಡು ಬಗೆ ಇರುತ್ತವೆ, 5 ಗಿಗಾಹರ್ಟ್ಸ್ ವೇಗ ಹೆಚ್ಚು, ಗೋಡೆ ದಾಟುವ ಶಕ್ತಿ ಕಡಿಮೆ, 2.4 ಗಿಗಾಹರ್ಟ್ಸ್ ನಿಧಾನ, ಆದರೆ ದಾಟುತ್ತದೆ. ಎರಡರ ಚಿಂತೆಯೂ ಬೇಡವೆಂದರೆ ಫೈಬರ್ ಕೇಬಲನ್ನು ಈ ಕೋಣೆಗೇ ಎಳೆಸಿ. ಕೇಬಲಿನ ಜೊತೆ ಬರುವ ಉಕ್ಕಿನ ತಂತಿ ಹೊರಗೋಡೆಯ ಕೊಕ್ಕೆಗೇ ಮುಗಿಯಬೇಕು, ಸಿಡಿಲಿಗೆ ಅದೊಂದು ದಾರಿ ಆಗಬಾರದು. ಉಳಿದ ಕೇಬಲನ್ನು ಸುತ್ತಿಡುವಾಗ ಕಿತ್ತಳೆ ಹಣ್ಣಿನ ದಪ್ಪಕ್ಕಿಂತ ಸಣ್ಣ ಸುತ್ತು ಬೇಡ, ಒಳಗಿನ ಗಾಜಿನ ಎಳೆ ಮುರಿಯುತ್ತದೆ.

ಹೆಂಚಿನ ಮೇಲಿನ ಮಳೆ ಸದ್ದನ್ನು ಹೇಗೋ ತಾಳಿಕೊಳ್ಳಬಹುದು, ತಗಡಿನ ಶೀಟಿನ ಕೆಳಗೆ ಕೂತವರ ಮಾತು ಕರೆಯಲ್ಲಿ ಕೇಳುವುದೇ ಇಲ್ಲ. ಬಾಯಿ ಹತ್ತಿರಕ್ಕೆ ಮೈಕ್ ಬರುವ ಹೆಡ್‌ಸೆಟ್ ತೆಗೆದುಕೊಳ್ಳಿ. ಬೆನ್ನ ಹಿಂದಿನ ಗೋಡೆಗೆ, ಗೋಡೆಯಿಂದ ಎರಡಿಂಚು ದೂರದಲ್ಲಿ ಕೋಲು ಕಟ್ಟಿ ಒಂದು ಕಂಬಳಿ ಇಳಿಬಿಟ್ಟರೆ ಸಣ್ಣ ಕೋಣೆಯ ಪ್ರತಿಧ್ವನಿ ಅಡಗುತ್ತದೆ.

ಮಳೆಗಾಲದ ದಿನಚರಿ

ತೇವ ಅಳೆಯುವ ಸಣ್ಣ ಮೀಟರೊಂದನ್ನು ಗೋಡೆಗೆ ನೇತುಹಾಕಿ. ಶೇಕಡಾ 60ರ ಒಳಗಿದ್ದರೆ ನಿಶ್ಚಿಂತೆ. 70 ದಾಟಿ ದಿನಗಟ್ಟಲೆ ನಿಂತರೆ ಬೂಷ್ಟು ಏಳುತ್ತದೆ. ಜುಲೈನಲ್ಲಿ ನಮ್ಮ ನಡುಮನೆಯಲ್ಲಿ ಅದು 90ರ ಹತ್ತಿರ ತೋರಿಸುತ್ತದೆ. ಅದನ್ನು ಕೋಣೆಯಲ್ಲಿ ಪೂರ್ತಿ ಇಳಿಸಲು ಆಗುವುದಿಲ್ಲ, ಹಾಗಾಗಿ ಮುಖ್ಯ ವಸ್ತುಗಳನ್ನಷ್ಟೇ ಕಾಪಾಡಿಕೊಳ್ಳುವುದು ಜಾಣತನ. ಕಾಗದಪತ್ರ, ಹಾರ್ಡ್‌ಡಿಸ್ಕ್, ಕ್ಯಾಮೆರಾ ಇವು ಬಿಗಿ ಮುಚ್ಚಳದ ಡಬ್ಬದಲ್ಲಿ, ಜೊತೆಗೆ ಬಣ್ಣ ಬದಲಾಗುವ ಸಿಲಿಕಾ ಜೆಲ್. ಬಣ್ಣ ತಿರುಗಿದಾಗ ಬಾಣಲಿಯಲ್ಲಿ ಸಣ್ಣ ಉರಿಗೆ ಬಿಸಿ ಮಾಡಿದರೆ ಮತ್ತೆ ಒಣಗುತ್ತದೆ, ಆ ಬಾಣಲಿಯನ್ನು ಮತ್ತೆ ಅಡುಗೆಗೆ ಬಳಸಬೇಡಿ. ಲ್ಯಾಪ್‌ಟಾಪನ್ನು ರಾತ್ರಿ ಬ್ಯಾಗಿನೊಳಗೆ ತುರುಕದೆ ಮೇಜಿನ ಮೇಲೇ, ಹತ್ತಿ ಬಟ್ಟೆ ಮುಚ್ಚಿ ಬಿಡಿ. ರಜೆಯಲ್ಲೂ ದಿನಕ್ಕೊಂದು ಗಂಟೆ ಚಾಲೂ ಮಾಡಿಟ್ಟರೆ ಅದರ ಬಿಸಿಯೇ ಅದನ್ನು ಕಾಯುತ್ತದೆ.

ಮಳೆ ಬಿಡುವು ಕೊಟ್ಟು ಒಂದು ಹೊತ್ತು ಬಿಸಿಲು ಬಿದ್ದ ದಿನ ಕೆಲಸ ಎಷ್ಟೇ ಇರಲಿ, ಕಂಬಳಿ, ಕುರ್ಚಿಯ ದಿಂಬು, ಬ್ಯಾಗು ಮೂರನ್ನೂ ಅಂಗಳದ ತಂತಿಗೆ ಹಾಕಿ, ಬಾಗಿಲು ಪೂರ್ತಿ ತೆರೆದಿಡಿ. ನಮ್ಮ ಮನೆಯಲ್ಲಿ ಇದನ್ನು ನನಗಿಂತ ಮೊದಲು ನೆನಪಿಡುವುದು ಅಮ್ಮ. ಭರಣಿಯ ಬಟ್ಟೆ ಬಿಚ್ಚಿ ಬಿಸಿಲಿಗಿಡಲು ಹೊರಟಾಗ ಕೋಣೆಯ ಬಾಗಿಲಿಗೆ ಬಂದು, "ಫೋನಲ್ಲಿದ್ದೀಯೇನೇ?" ಎಂದು ಮೆಲ್ಲಗೆ ಕೇಳಿ, ಇಲ್ಲವೆಂದರೆ ಕಂಬಳಿಯನ್ನೂ ಎತ್ತಿಕೊಂಡು ಹೋಗುತ್ತಾರೆ.